ಕೈಯಲ್ಲೇ ಪಟಾಕಿ ಸಿಡಿದರೆ: ಮೊದಲ ನಿಮಿಷದಿಂದ ಕೈ ಮತ್ತೆ ಕೆಲಸಕ್ಕೆ ಬರುವವರೆಗೆ ಸಮಗ್ರ ಮಾರ್ಗದರ್ಶಿ

ದೀಪಾವಳಿಯ ರಾತ್ರಿ ಕ್ಯಾಶುವಾಲ್ಟಿಗೆ ಬರುವ ಕೈಗಳನ್ನು ವರ್ಷಗಳಿಂದ ನೋಡುತ್ತಿದ್ದೇನೆ. ಅರಿಶಿನ ಮೆತ್ತಿದ ಕೈ. ಮುಂಗೈಗೆ ಗೋಣಿದಾರ ಬಿಗಿದ ಕೈ. ನಾಲ್ಕು ಟವೆಲ್ ಸುತ್ತಿದ್ದರೂ ಒಳಗೆ ರಕ್ತ ಸೋರುತ್ತಲೇ ಇರುವ ಕೈ. ಪ್ರತಿ ವರ್ಷ ಅವೇ ತಪ್ಪುಗಳು. ಕರೆತಂದವರು ಯಾರೂ ಬೇಕಂತ ಮಾಡಿದ್ದಲ್ಲ. ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನು ಮಾಡಿರುತ್ತಾರೆ, ಮೊದಲು ಮಾಡಬೇಕಾದದ್ದನ್ನು ಕೊನೆಗೆ ಮಾಡಿರುತ್ತಾರೆ. ಅದಕ್ಕೇ ಈ ಬರಹದಲ್ಲಿ ಯಾವುದರ ನಂತರ ಯಾವುದು ಅನ್ನುವುದಕ್ಕೆ ಜಾಸ್ತಿ ಒತ್ತು ಕೊಟ್ಟಿದ್ದೇನೆ.

ಲಕ್ಷ್ಮಿ ಪಟಾಕಿ, ಆಟಂ ಬಾಂಬ್, ಜಾತ್ರೆಯ ಗರ್ನಾಲು, ಕಾಡುಹಂದಿಗೆ ಇಡುವ ಸಿಡಿಮದ್ದು, ಕಲ್ಲು ಕ್ವಾರಿಯ ಡಿಟೋನೇಟರ್ ಯಾವುದೇ ಇರಲಿ, ಕ್ರಮ ಇದೇ. 1ರಿಂದ 6ರವರೆಗಿನ ಹಂತಗಳು ಪಕ್ಕದಲ್ಲಿ ಇದ್ದವರಿಗೆ. 7 ಮತ್ತು 8 ಪಿಎಚ್‌ಸಿ, ತಾಲ್ಲೂಕು ಆಸ್ಪತ್ರೆಯ ನರ್ಸ್ ಮತ್ತು ಡ್ಯೂಟಿ ಡಾಕ್ಟರ್‌ಗೆ. ಉಳಿದದ್ದು ಮನೆಯವರಿಗೆ.

## ಗಾಯದ ಸ್ವಭಾವ ಮೊದಲು ತಿಳಿದಿರಲಿ

ಇದು ಚಾಕು ಕೊಯ್ದ ಗಾಯದ ಹಾಗಲ್ಲ. ಮುಷ್ಟಿಯಲ್ಲಿ ಹಿಡಿದದ್ದು ಸಿಡಿದಾಗ ಹೆಬ್ಬೆರಳು ರಪ್ಪನೆ ಹೊರಕ್ಕೆ ಹೋಗುತ್ತದೆ. ಹೆಬ್ಬೆರಳು, ತೋರುಬೆರಳಿನ ನಡುವಿನ ಚರ್ಮ ಹರಿಯುತ್ತದೆ. ಆ ಹರಿದ ಗಾಯ ಕೆಲವೊಮ್ಮೆ ಮಣಿಕಟ್ಟಿನವರೆಗೂ ಹೋಗುತ್ತದೆ. ಹೆಬ್ಬೆರಳಿನ ಬುಡದ ಕೀಲು ತಪ್ಪುತ್ತದೆ. ತೋರುಬೆರಳು, ನಡುಬೆರಳಿನ ತುದಿಗಳು ಹಾರಿಹೋಗಬಹುದು. ಮದ್ದಿನ ಪುಡಿ, ಕಾಗದ, ಮಣ್ಣು ಮಾಂಸದೊಳಗೆ ಹೊಕ್ಕಿರುತ್ತವೆ.

ಕಣ್ಣಿಗೆ ಕಾಣದ ಭಾಗ ಇನ್ನೂ ಮುಖ್ಯ. ಸಿಡಿತದ ಹೊಡೆತಕ್ಕೆ ಗಾಯದಿಂದ ದೂರದಲ್ಲಿರುವ ರಕ್ತನಾಳಗಳ ಒಳಪದರವೂ ಜಖಂ ಆಗಿರುತ್ತದೆ. ಇವತ್ತು ಕೆಂಪಗಿರುವ ಮಾಂಸ ಮೂರನೇ ದಿನ ಕಪ್ಪಾಗಬಹುದು. ಮುಂದೆ ಬರುವ ಎಷ್ಟೋ ಸೂಚನೆಗಳಿಗೆ ಕಾರಣ ಇದೇ.

## ಹಬ್ಬಕ್ಕೆ ಮೊದಲೇ ಎತ್ತಿಡಬೇಕಾದ ಡಬ್ಬಿ

ಸ್ಟೆರೈಲ್ ಗಾಜ್ (ಗಾಯಕ್ಕೆ ಇಡುವ, ಕ್ರಿಮಿ ಇಲ್ಲದ ಜಾಳು ಬಟ್ಟೆ) ಪ್ಯಾಕೆಟ್, ಅಗಲದ ಕ್ರೇಪ್ ಬ್ಯಾಂಡೇಜ್ ಎರಡು, ಅರ್ಧ ಲೀಟರ್ ಸಲೈನ್ ಬಾಟಲಿ, ಗ್ಲೌಸ್, ಕತ್ತರಿ, ಮಾರ್ಕರ್ ಪೆನ್, ಜಿಪ್ ಇರುವ ಪ್ಲಾಸ್ಟಿಕ್ ಚೀಲ ಎರಡು ಅಳತೆಯವು, ಒಂದು ಹತ್ತಿ ದುಪಟ್ಟಾ, ಗೇಣುದ್ದದ ಗಟ್ಟಿ ಕೋಲು. ಇಷ್ಟು ಸಾಕು. ಹತ್ತಿಯನ್ನು ನೇರವಾಗಿ ಗಾಯಕ್ಕೆ ಇಡಬೇಡಿ. ಎಳೆಗಳು ಮಾಂಸಕ್ಕೆ ಅಂಟಿಕೊಂಡರೆ ಒಂದೊಂದಾಗಿ ಕೀಳಬೇಕಾಗುತ್ತದೆ.

## ಹಂತ 1: ಮೊದಲು ಮನುಷ್ಯ, ಆಮೇಲೆ ಕೈ

ಸಿಡಿಯದ ಪಟಾಕಿ ಸುತ್ತ ಬಿದ್ದಿರಬಹುದು. ಗಾಯಾಳುವನ್ನು ಅಲ್ಲಿಂದ ದೂರ ಕರೆತಂದು ನೆಲದ ಮೇಲೆ ಮಲಗಿಸಿ. ಬಟ್ಟೆಗೆ ಬೆಂಕಿ ತಾಗಿದ್ದರೆ ಕಂಬಳಿ ಮುಚ್ಚಿ ಉರುಳಿಸಿ.

ಈಗ ಎಲ್ಲರ ಕಣ್ಣೂ ಕೈ ಮೇಲೆಯೇ ಇರುತ್ತದೆ. ಅಲ್ಲೇ ಮೋಸ ಹೋಗುವುದು. ಹೆಸರು ಕೇಳಿ. ಮಾತಾಡುತ್ತಾರಾ? ಉಸಿರು ಸರಾಗವಾಗಿದೆಯಾ? ದನಿ ಒಡೆದಿದೆಯಾ, ಮೂಗಿನಲ್ಲಿ ಮಸಿ ಇದೆಯಾ? ಎದೆ, ಹೊಟ್ಟೆಗೆ ಚೂರು ಬಡಿದಿದೆಯಾ ಅಂತ ಅಂಗಿ ಎತ್ತಿ ನೋಡಿ. ಕಿವಿಯಿಂದ ರಕ್ತ ಬರುತ್ತಿದ್ದರೆ ಆಸ್ಪತ್ರೆಯಲ್ಲಿ ಹೇಳಬೇಕು ಅಂತ ನೆನಪಿಟ್ಟುಕೊಳ್ಳಿ.

ಕಣ್ಣಿಗೆ ಪೆಟ್ಟಾಗಿದ್ದರೆ ಉಜ್ಜಬೇಡಿ, ಒತ್ತಬೇಡಿ, ಚುಚ್ಚಿಕೊಂಡದ್ದನ್ನು ಕೀಳಬೇಡಿ. ಕಾಗದದ ಲೋಟದ ತಳಭಾಗವನ್ನು ಕಣ್ಣಿನ ಸುತ್ತಲ ಮೂಳೆಗೆ ತಾಗುವಂತೆ ಮುಚ್ಚಿ ಪ್ಲಾಸ್ಟರ್ ಹಾಕಿ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

## ಹಂತ 2: ರಕ್ತ ನಿಲ್ಲಿಸುವುದು

ಇಡೀ ಕೆಲಸದಲ್ಲಿ ಜಾಸ್ತಿ ಜನ ಎಡವುವುದು ಇಲ್ಲಿ. ಸ್ವಲ್ಪ ನಿಧಾನವಾಗಿ ಓದಿ.

ಗಾಜ್ ಅಥವಾ ಒಗೆದ ಹತ್ತಿ ಬಟ್ಟೆಯನ್ನು ಮಡಚಿ, ರಕ್ತ ಎಲ್ಲಿಂದ ಬರುತ್ತಿದೆಯೋ ಸರಿಯಾಗಿ ಅಲ್ಲೇ ಇಟ್ಟು ಅಂಗೈಯಿಂದ ಬಲವಾಗಿ ಒತ್ತಿ. ಜೊತೆಗೆ ಕೈಯನ್ನು ಎದೆಗಿಂತ ಮೇಲೆ ಎತ್ತಿ ಹಿಡಿಯಿರಿ. ಗಡಿಯಾರ ನೋಡಿ 10 ನಿಮಿಷ. ನಡುವೆ ಬಟ್ಟೆ ಎತ್ತಿ "ನಿಂತಿತಾ?" ಅಂತ ಇಣುಕಬಾರದು. ಇಣುಕಿದಾಗಲೆಲ್ಲ ಆಗಷ್ಟೇ ಕಟ್ಟಿದ ಹೆಪ್ಪು ಕಿತ್ತುಬರುತ್ತದೆ, ಗಡಿಯಾರ ಮತ್ತೆ ಸೊನ್ನೆಯಿಂದ ಶುರು.

ಬಟ್ಟೆ ನೆನೆದರೆ ಅದರ ಮೇಲೆ ಇನ್ನೊಂದಿಟ್ಟು ಇನ್ನೂ ಜೋರಾಗಿ ಒತ್ತಿ. ಮೇಲಿಂದ ಮೇಲೆ ಟವೆಲ್ ಸುತ್ತುತ್ತಾ ಹೋದರೆ ಪ್ರಯೋಜನವಿಲ್ಲ. ಸುತ್ತಿದ ಟವೆಲ್ ರಕ್ತ ಹೀರುತ್ತದೆ, ನಿಲ್ಲಿಸುವುದಿಲ್ಲ. ಒಂದು ಸಲ ಹಾಗೆ ಬಂದ ಕೈಯಿಂದ ಐದು ಪದರ ಬಿಚ್ಚಿದೆ. ಒಳಗಿನ ಎರಡು ಪದರ ಹಿಂಡಿದರೆ ತೊಟ್ಟಿಕ್ಕುತ್ತಿದ್ದವು. ಗಾಯದ ಮೇಲೆ ಎರಡು ಬೆರಳಿಟ್ಟು ಒತ್ತಿದ ಮೇಲೆ ರಕ್ತ ನಿಂತಿತು.

ಒತ್ತಿದರೂ ಚಿಮ್ಮುತ್ತಲೇ ಇದ್ದರೆ, ಅಥವಾ ಕೈಯ ದೊಡ್ಡ ಭಾಗವೇ ಹೋಗಿದ್ದರೆ, ಆಗ ಮಾತ್ರ ಟೂರ್ನಿಕೆ, ಅಂದರೆ ರಕ್ತದ ಹರಿವನ್ನೇ ತಡೆಯುವ ಬಿಗಿ ಪಟ್ಟಿ. ಕಟ್ಟುವ ಕ್ರಮ ಹೀಗೆ:

1. ಕನಿಷ್ಠ 4-5 ಸೆಂ.ಮೀ. ಅಗಲದ ಬಟ್ಟೆ ತೆಗೆದುಕೊಳ್ಳಿ. ದಾರ, ತಂತಿ, ಶೂ ಲೇಸ್ ಬೇಡ. ಅವು ಚರ್ಮ, ನರ ಎರಡನ್ನೂ ಕತ್ತರಿಸುತ್ತವೆ.
2. ಮೇಲ್ತೋಳಿನಲ್ಲಿ ಕಟ್ಟಿ. ಅಲ್ಲಿ ಒಂದೇ ಮೂಳೆ, ಒತ್ತಡ ಚೆನ್ನಾಗಿ ಬೀಳುತ್ತದೆ. ಮೊಣಕೈ ಕೀಲಿನ ಮೇಲೆ ಕಟ್ಟಬೇಡಿ.
3. ಒಂದು ಗಂಟು ಹಾಕಿ, ಕೋಲಿಟ್ಟು, ಮೇಲೆ ಇನ್ನೊಂದು ಗಂಟು ಹಾಕಿ. ರಕ್ತ ಪೂರ್ತಿ ನಿಲ್ಲುವವರೆಗೆ ಕೋಲು ತಿರುಗಿಸಿ, ಕೋಲನ್ನು ಕಟ್ಟಿಹಾಕಿ.
4. ಕಟ್ಟಿದ ಸಮಯವನ್ನು ಮಾರ್ಕರ್‌ನಿಂದ ಹಣೆಯ ಮೇಲೋ ತೋಳಿನ ಮೇಲೋ ಬರೆಯಿರಿ.

ಅರೆಬರೆ ಬಿಗಿದ ಪಟ್ಟಿ ಏನೂ ಕಟ್ಟದೆ ಇರುವುದಕ್ಕಿಂತ ಕೆಟ್ಟದ್ದು. ರಕ್ತ ಕೈಗೆ ಹೋಗುತ್ತಲೇ ಇರುತ್ತದೆ, ವಾಪಸ್ ಬರುವ ದಾರಿ ಮಾತ್ರ ಮುಚ್ಚಿರುತ್ತದೆ. ಸೋರಿಕೆ ಜಾಸ್ತಿಯಾಗುತ್ತದೆ. ಸರಿಯಾಗಿ ಕಟ್ಟಿದ ಪಟ್ಟಿ ತುಂಬಾ ನೋಯುತ್ತದೆ. ನೋವು ಅಂತ ದಾರಿಯಲ್ಲಿ ಸಡಿಲಿಸಬೇಡಿ. ಅದನ್ನು ಆಸ್ಪತ್ರೆಯಲ್ಲೇ ಬಿಚ್ಚಬೇಕು, ಕಟ್ಟಿ 2 ಗಂಟೆ ಆಗುವುದರೊಳಗೆ ಅಲ್ಲಿಗೆ ತಲುಪಬೇಕು.

## ಹಂತ 3: ಉಂಗುರ, ಬಳೆ, ಕಾಶಿದಾರ ತೆಗೆಯಿರಿ

ಸಣ್ಣ ಕೆಲಸ, ಎಲ್ಲರೂ ಮರೆಯುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ಕೈ ಊದುತ್ತದೆ. ಆಮೇಲೆ ಉಂಗುರವೇ ಬೆರಳಿನ ರಕ್ತ ನಿಲ್ಲಿಸುತ್ತದೆ. ಗಾಯ ಆಗದ ಬೆರಳಿನ ಉಂಗುರವನ್ನೂ ತೆಗೆಯಿರಿ. ಸೋಪು ನೀರು ಹಚ್ಚಿದರೆ ಜಾರುತ್ತದೆ. ಬರದಿದ್ದರೆ ಆಸ್ಪತ್ರೆಯಲ್ಲಿ ಕತ್ತರಿಸುತ್ತಾರೆ. ಚಿನ್ನದ್ದು ಅಂತ ಹಿಂಜರಿಯಬೇಡಿ.

## ಹಂತ 4: ಮುಚ್ಚಿ, ಆಧಾರ ಕೊಡಿ, ಎತ್ತಿ ಹಿಡಿಯಿರಿ

ಅರಿಶಿನ, ಕಾಫಿ ಪುಡಿ, ಟೂತ್‌ಪೇಸ್ಟ್, ತುಪ್ಪ, ಇಂಕು, ದೋಸೆ ಹಿಟ್ಟು ಒಂದೂ ಬೇಡ. ಅರಿಶಿನದ ಬಗ್ಗೆ ಯಾವಾಗಲೂ ವಾದ ಬರುತ್ತದೆ. ಅಡುಗೆಮನೆಯ ಅರಿಶಿನ ಸ್ಟೆರೈಲ್ ಅಲ್ಲ. ಅದರ ಬಣ್ಣದಲ್ಲಿ ಯಾವುದು ಬದುಕಿರುವ ಮಾಂಸ, ಯಾವುದು ಸತ್ತದ್ದು ಅಂತ ಡಾಕ್ಟರಿಗೆ ಗೊತ್ತೇ ಆಗುವುದಿಲ್ಲ. ಅದನ್ನು ತೊಳೆಯುವಷ್ಟು ಹೊತ್ತೂ ನೋವು, ರಕ್ತ.

ಬರೀ ಸುಟ್ಟಿದ್ದರೆ 20 ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಿರಿ. ಮಂಜುಗಡ್ಡೆ ಬೇಡ. ಆದರೆ ಮಾಂಸ ಹರಿದು ರಕ್ತ ಹರಿಯುತ್ತಿದ್ದರೆ ನೀರಿನ ಮಾತು ಬಿಡಿ, ಹಂತ 2ಕ್ಕೆ ಹೋಗಿ.

ರಕ್ತ ಹತೋಟಿಗೆ ಬಂದ ಮೇಲೆ ಸಲೈನ್‌ನಲ್ಲಿ ನೆನೆಸಿ ಹಿಂಡಿದ ಗಾಜ್ ಮುಚ್ಚಿ, ಮೇಲೆ ಒಣ ಗಾಜ್, ಆಮೇಲೆ ಬ್ಯಾಂಡೇಜ್. ಬೆರಳುಗಳ ನಡುವೆಯೂ ಗಾಜ್ ಇರಲಿ. ಒಂದು ಎಳೆ ಚರ್ಮದಲ್ಲಿ ನೇತಾಡುವ ಬೆರಳನ್ನೂ ಕತ್ತರಿಸಬೇಡಿ. ಆ ಎಳೆಯಲ್ಲೇ ಒಂದು ರಕ್ತನಾಳ ಉಳಿದಿರಬಹುದು. ಬೆರಳನ್ನು ತಿರುಚದೆ ಅದರ ಜಾಗಕ್ಕೆ ತಂದು ಮುಚ್ಚಿ.

ಮಡಚಿದ ಪೇಪರ್ ಅಥವಾ ರಟ್ಟನ್ನು ಮೊಣಕೈಯಿಂದ ಬೆರಳ ತುದಿವರೆಗೆ ಕೆಳಗಿಟ್ಟು ಕಟ್ಟಿ. ದಾರಿಯುದ್ದಕ್ಕೂ ಕೈ ದಿಂಬಿನ ಮೇಲೆ, ಎದೆಗಿಂತ ಎತ್ತರದಲ್ಲಿ ಇರಲಿ.

## ಹಂತ 5: ತುಂಡಾದ ಭಾಗವನ್ನು ಹುಡುಕಿ ತನ್ನಿ

ಒಬ್ಬರು ಟಾರ್ಚ್ ಹಿಡಿದು ಹುಡುಕಲಿ. ಆದರೆ ಹುಡುಕಾಟಕ್ಕಾಗಿ ಗಾಯಾಳುವನ್ನು ಕಾಯಿಸಬೇಡಿ, ಆಮೇಲೆ ತಂದುಕೊಡಬಹುದು. ಸಿಕ್ಕ ತುಂಡಿಗೆ ಸಲೈನ್ ಹೊಯ್ದು ಮಣ್ಣು ತೆಗೆಯಿರಿ, ಉಜ್ಜಬೇಡಿ. ಒದ್ದೆ ಗಾಜ್‌ನಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ಆಡದಂತೆ ಮುಚ್ಚಿ. ಆ ಚೀಲವನ್ನು ಐಸ್ ಮತ್ತು ನೀರು ಬೆರೆತ ಇನ್ನೊಂದು ಚೀಲದೊಳಗಿಡಿ. ಮೇಲೆ ಹೆಸರು, ಸಮಯ ಬರೆಯಿರಿ.

ಐಸ್ ನೇರವಾಗಿ ತಾಗಬಾರದು. ಒಮ್ಮೆ ಐಸ್‌ಕ್ರೀಂ ಡಬ್ಬಿಯಲ್ಲಿ ಬೆರಳು ಬಂತು. ಮನೆಯವರು ಕೆಡದಿರಲಿ ಅಂತ ಫ್ರೀಜರ್‌ನಲ್ಲಿ ಇಟ್ಟಿದ್ದರು. ಟೇಬಲ್ ಮೇಲಿಟ್ಟರೆ ಕಲ್ಲಿನಂತೆ ಟಕ್ ಅಂತ ಸದ್ದು ಮಾಡಿತು. ಹೆಪ್ಪುಗಟ್ಟಿದ ಬೆರಳನ್ನು ಜೋಡಿಸಲು ಆಗುವುದಿಲ್ಲ.

ಸರಿಯಾಗಿ ತಂಪಾಗಿಟ್ಟ ಬೆರಳು 12 ಗಂಟೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹೊತ್ತು ತಡೆಯುತ್ತದೆ. ಮಣಿಕಟ್ಟಿನಿಂದಲೇ ತುಂಡಾಗಿದ್ದರೆ ಸಮಯ ತುಂಬಾ ಕಮ್ಮಿ. ಅದರಲ್ಲಿ ಸ್ನಾಯು ಇರುತ್ತದೆ, ತಂಪಾಗಿಡದಿದ್ದರೆ 6 ಗಂಟೆಯ ನಂತರ ಆಸೆ ಕಷ್ಟ. ನಿಜ ಹೇಳಬೇಕೆಂದರೆ, ಸಿಡಿತದಲ್ಲಿ ನಜ್ಜುಗುಜ್ಜಾದ ಬೆರಳನ್ನು ಮರುಜೋಡಿಸುವುದು ಬಹಳ ಸಲ ಆಗುವುದಿಲ್ಲ. ಆದರೂ ತನ್ನಿ. ಅದರ ಚರ್ಮ, ಮೂಳೆ, ನರ ಬೇರೆ ಬೆರಳನ್ನು ಉಳಿಸಲು ಬೇಕಾಗಬಹುದು. ಉಪಯೋಗವಿಲ್ಲ ಅಂತ ನಿರ್ಧರಿಸುವುದು ಸರ್ಜನ್ ಕೆಲಸ.

## ಹಂತ 6: ಎಲ್ಲಿಗೆ ಹೋಗಬೇಕು

ಫೋನ್ ಮಾಡದೆ ಹೊರಡಬೇಡಿ. ಕೇಳಬೇಕಾದದ್ದು ಎರಡೇ: ಈಗ ಪ್ಲಾಸ್ಟಿಕ್ ಸರ್ಜನ್ ಅಥವಾ ಹ್ಯಾಂಡ್ ಸರ್ಜನ್ ಸಿಗುತ್ತಾರಾ? ಇವತ್ತು ರಾತ್ರಿ ಆಪರೇಷನ್ ಥಿಯೇಟರ್ ಇದೆಯಾ? ಮೂರು ಆಸ್ಪತ್ರೆ ಸುತ್ತಿ ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಬೆಳಗಾದ ಉದಾಹರಣೆಗಳಿವೆ. ರಕ್ತ ನಿಲ್ಲದಿದ್ದರೆ, ಉಸಿರಿಗೆ ತೊಂದರೆ ಇದ್ದರೆ ಮಾತ್ರ ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಿ.

ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯದ ವಾರ್ಡ್ ಇದೆ, ಕಣ್ಣಿಗೆ ಮಿಂಟೋ, ಮೂಳೆ ಮತ್ತು ಅಪಘಾತಕ್ಕೆ ಸಂಜಯ್ ಗಾಂಧಿ ಸಂಸ್ಥೆ. ಚಾಮರಾಜನಗರದ ಕಡೆಯವರಿಗೆ ಕೊಯಮತ್ತೂರಿನ ಗಂಗಾ ಆಸ್ಪತ್ರೆ ಕೈ ಶಸ್ತ್ರಚಿಕಿತ್ಸೆಗೆ ಹೆಸರುವಾಸಿ.

ದಾರಿಯಲ್ಲಿ ಊಟ, ಕಾಫಿ, ಎಳನೀರು ಕೊಡಬೇಡಿ. ಅರಿವಳಿಕೆಗೆ ಸಾಮಾನ್ಯವಾಗಿ ಘನ ಆಹಾರ ತಿಂದು 6 ಗಂಟೆ ಆಗಿರಬೇಕು. ಕೊನೆಗೆ ಏನು, ಯಾವಾಗ ತಿಂದರು ಅಂತ ನೆನಪಿಡಿ. ಪೊಲೀಸ್ ಕೇಸ್ ಆಗುತ್ತದೆ ಅಂತ ತಡಮಾಡುವವರೂ ಇದ್ದಾರೆ. ಆಸ್ಪತ್ರೆ ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ಪ್ರಕರಣದ ದಾಖಲೆ) ಬರೆದುಕೊಳ್ಳಬಹುದು, ಆದರೆ ಮೊದಲು ಚಿಕಿತ್ಸೆ, ಆಮೇಲೆ ಕಾಗದ. 1989ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ.

## ಹಂತ 7: ಆಸ್ಪತ್ರೆಯಲ್ಲಿ ಕೈ ಪರೀಕ್ಷೆ, ಮರಗಟ್ಟಿಸುವ ಮೊದಲು

ಇಂಜೆಕ್ಷನ್ ಕೊಟ್ಟು ಬೆರಳು ಮರಗಟ್ಟಿದ ಮೇಲೆ ನರ ಸರಿ ಇತ್ತಾ ಅಂತ ತಿಳಿಯಲು ದಾರಿಯಿಲ್ಲ. ಹಾಗಾಗಿ ಸ್ಪರ್ಶ ಪರೀಕ್ಷೆ ಮೊದಲು. ಆಮೇಲೆ ನೋವಿನ ಔಷಧ ಧಾರಾಳವಾಗಿ ಕೊಡಿ.

ರಕ್ತ ಸಂಚಾರ. ಪ್ರತಿ ಬೆರಳಿನ ಉಗುರು ಒತ್ತಿ ಬಿಡಿ. 2 ಸೆಕೆಂಡ್‌ನಲ್ಲಿ ಕೆಂಪು ಮರಳಬೇಕು. ಬಿಳಿಚಿ ತಣ್ಣಗಿದ್ದರೆ ರಕ್ತ ಒಳಗೆ ಬರುತ್ತಿಲ್ಲ. ನೀಲಿಗಟ್ಟಿ ಉಬ್ಬಿದ್ದರೆ ಹೊರಗೆ ಹೋಗುತ್ತಿಲ್ಲ. ಪಲ್ಸ್ ಆಕ್ಸಿಮೀಟರನ್ನು ಒಂದೊಂದೇ ಬೆರಳಿಗೆ ಹಾಕಿ, ಇನ್ನೊಂದು ಕೈಗೆ ಹೋಲಿಸಿ ಬರೆದಿಡಿ.

ಸ್ಪರ್ಶ. ಕಣ್ಣು ಮುಚ್ಚಿಸಿ ಮೂರು ಜಾಗ ಮುಟ್ಟಿ: ತೋರುಬೆರಳಿನ ತುದಿ ಮೀಡಿಯನ್ ನರಕ್ಕೆ, ಕಿರುಬೆರಳಿನ ತುದಿ ಅಲ್ನಾರ್ ನರಕ್ಕೆ, ಹೆಬ್ಬೆರಳು-ತೋರುಬೆರಳ ನಡುವಿನ ಹಿಂಬದಿ ರೇಡಿಯಲ್ ನರಕ್ಕೆ. ಆಮೇಲೆ ಪ್ರತಿ ಬೆರಳಿನ ಎರಡೂ ಬದಿ. ಒಂದು ಬದಿಯ ನರ ಮಾತ್ರ ಹೋಗಿರಬಹುದು.

ಚಲನೆ. ಹೆಬ್ಬೆರಳು ಮೇಲೆತ್ತಲಿ, ತೋರುಬೆರಳ ಜೊತೆ ಸೊನ್ನೆ ಮಾಡಲಿ, ಬೆರಳುಗಳನ್ನು ಅಗಲಿಸಲಿ. ಪ್ರತಿ ಬೆರಳಿನ ತುದಿ ಗೆಣ್ಣನ್ನೂ ಬೇರೆಯಾಗಿ ಮಡಚಿಸಿ ನೋಡಿ.

ಮಕ್ಕಳು, ಮಾತಾಡಲಾಗದವರು. ಇವರಲ್ಲಿ ಸುಮ್ನೆ ನೋಡುವುದೇ ದೊಡ್ಡ ಪರೀಕ್ಷೆ. ಮೇಜಿನ ಮೇಲೆ ಸಡಿಲವಾಗಿ ಬಿಟ್ಟ ಕೈಯಲ್ಲಿ ಬೆರಳುಗಳು ಸ್ವಲ್ಪ ಸ್ವಲ್ಪ ಬಾಗಿರುತ್ತವೆ, ಕಿರುಬೆರಳು ಎಲ್ಲಕ್ಕಿಂತ ಜಾಸ್ತಿ. ಒಬ್ಬ ಹುಡುಗನ ಅಂಗೈಯಲ್ಲಿ ಒಂದು ಸೆಂ.ಮೀ. ಗಾಯ ಅಷ್ಟೇ ಇತ್ತು. "ಬ್ಯಾಂಡೇಜ್ ಹಾಕಿ ಕಳಿಸಿ" ಅಂತ ಮನೆಯವರ ಒತ್ತಾಯ. ಆದರೆ ಉಳಿದ ಬೆರಳುಗಳು ಬಾಗಿದ್ದಾಗ ನಡುಬೆರಳು ಮಾತ್ರ ನೆಟ್ಟಗೆ ಮಲಗಿತ್ತು. ಮಣಿಕಟ್ಟನ್ನು ನಿಧಾನವಾಗಿ ಹಿಂದಕ್ಕೆ ಬಗ್ಗಿಸಿದರೂ ಅದು ಮಡಚಲಿಲ್ಲ. ಒಳಗೆ ಬೆರಳು ಮಡಚುವ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿ) ಎರಡೂ ತುಂಡಾಗಿದ್ದವು.

ಮೂರು ಕೋನದಿಂದ ಎಕ್ಸ್‌ರೇ ತೆಗೆಸಿ. ಹೆಬ್ಬೆರಳ ಬುಡದ ಕೀಲನ್ನು ಮತ್ತೊಮ್ಮೆ ನೋಡಿ, ತಪ್ಪಿಹೋಗುವುದು ಅಲ್ಲೇ. ಬಿದ್ದ ತುಂಡಿಗೂ ಎಕ್ಸ್‌ರೇ ಇರಲಿ.

## ಹಂತ 8: ಸಣ್ಣ ಆಸ್ಪತ್ರೆಯಲ್ಲಿ ಮಾಡಬೇಕಾದದ್ದು, ಮಾಡಬಾರದ್ದು

ಟೆಟನಸ್ ಲಸಿಕೆ ಕೊಡಿ. ಹಿಂದಿನ ಲಸಿಕೆಗಳ ಲೆಕ್ಕ ಗೊತ್ತಿಲ್ಲದಿದ್ದರೆ ಅಥವಾ ಮೂರು ಡೋಸ್ ಆಗಿರದಿದ್ದರೆ ಜೊತೆಗೆ ಟೆಟನಸ್ ಇಮ್ಯುನೊಗ್ಲಾಬ್ಯುಲಿನ್ 250 ಯೂನಿಟ್, ಬೇರೆ ಜಾಗದಲ್ಲಿ. ಅಲರ್ಜಿ ಕೇಳಿಕೊಂಡು ಮೊದಲ ಗಂಟೆಯೊಳಗೆ ಆ್ಯಂಟಿಬಯೋಟಿಕ್ ಶುರು ಮಾಡಿ. ಸಲೈನ್‌ನಿಂದ ಮೆಲ್ಲಗೆ ತೊಳೆಯಿರಿ. ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್ ಸುರಿದರೆ ಬದುಕಿರುವ ಮಾಂಸವೂ ಸಾಯುತ್ತದೆ.

ಬ್ಯಾಂಡೇಜ್ ಹಾಕುವ ಮೊದಲು, ಒಪ್ಪಿಗೆ ಕೇಳಿ, ಗಾಯದ ಎರಡೂ ಬದಿಯ ಫೋಟೋ ತೆಗೆದು ಮುಂದಿನ ಸರ್ಜನ್‌ಗೆ ವಾಟ್ಸಾಪ್ ಮಾಡಿ. ದಾರಿಯಲ್ಲಿ ಸಿಕ್ಕವರೆಲ್ಲ ಗಾಯ ಬಿಚ್ಚಿ ನೋಡುವುದು ತಪ್ಪುತ್ತದೆ.

ಆಧಾರ ಪಟ್ಟಿಯ ಭಂಗಿ: ಮಣಿಕಟ್ಟು 20-30 ಡಿಗ್ರಿ ಹಿಂದಕ್ಕೆ, ಬೆರಳ ಬುಡದ ಗೆಣ್ಣುಗಳು 70-90 ಡಿಗ್ರಿ ಮಡಚಿ, ಮುಂದಿನ ಗೆಣ್ಣುಗಳು ನೇರ, ಹೆಬ್ಬೆರಳು ಅಂಗೈಯಿಂದ ದೂರ.

ಇನ್ನು ಎರಡು ದೊಡ್ಡ ತಪ್ಪುಗಳು. ಮೊದಲನೆಯದು, ರಕ್ತ ಚಿಮ್ಮುವಲ್ಲಿ ಕುರುಡಾಗಿ ಫೋರ್ಸೆಪ್ಸ್ ಹಾಕುವುದು. ಕೈಯಲ್ಲಿ ಅಪಧಮನಿ, ನರ ಅಕ್ಕಪಕ್ಕ ಇರುತ್ತವೆ. ಹಿಡಿದದ್ದು ಬಹಳ ಸಲ ನರ. ಒತ್ತಿ ಹಿಡಿಯಿರಿ, ಆಗದಿದ್ದರೆ ಮೇಲ್ತೋಳಿಗೆ ಬಿಪಿ ಪಟ್ಟಿ ಕಟ್ಟಿ ಗಾಳಿ ತುಂಬಿ. ಎರಡನೆಯದು, ಗಾಯದ ಅಂಚುಗಳನ್ನು ಎಳೆದು ಬಿಗಿಯಾಗಿ ಹೊಲಿಯುವುದು. ಹೊರಗೆ ಅಂದವಾಗಿ ಕಾಣುತ್ತದೆ. ಒಳಗೆ ಮದ್ದು, ಸತ್ತ ಮಾಂಸ, ಊತ ಎಲ್ಲ ಬಂಧಿ. ಅಂಥ ಹೊಲಿಗೆಯನ್ನು ಎರಡು ದಿನದ ನಂತರ ಬಿಚ್ಚಿದಾಗ ಬರುವ ವಾಸನೆ ಮರೆಯಲಾಗದ್ದು. ಹೊಲಿಯಬೇಡಿ, ಮುಚ್ಚಿ ಕಳಿಸಿ.

## ಹಂತ 9: ಮೊದಲ 72 ಗಂಟೆ, ಎಚ್ಚರಿಕೆಯ ಚಿಹ್ನೆಗಳು

ಮೊದಲ ಆಪರೇಷನ್‌ನಲ್ಲಿ ಸತ್ತದ್ದನ್ನು ತೆಗೆದು, ತೊಳೆದು, ಮೂಳೆಗೆ ತಂತಿ ಹಾಕಿ ಬಿಡುತ್ತಾರೆ. 48-72 ಗಂಟೆಯಲ್ಲಿ ಮತ್ತೆ ಒಳಗೆ ಕರೆದೊಯ್ಯುತ್ತಾರೆ. "ಮೊದಲೇ ಸರಿಯಾಗಿ ಮಾಡಲಿಲ್ವಾ?" ಅಂತ ಮನೆಯವರು ಬೇಸರ ಮಾಡಿಕೊಳ್ಳುತ್ತಾರೆ. ಮಾಂಸ ಮೂರನೇ ದಿನದವರೆಗೂ ಬಣ್ಣ ಬದಲಿಸುತ್ತಿರುತ್ತದೆ ಅಂತ ಮೇಲೆ ಹೇಳಿದೆನಲ್ಲ, ಎರಡನೇ ನೋಟ ಅದಕ್ಕೇ. ಚರ್ಮ ಕಸಿ, ಅಥವಾ ತೊಡೆಸಂದಿಗೆ ಕೈಯನ್ನು ಸುಮಾರು ಮೂರು ವಾರ ಹೊಲಿದಿಟ್ಟು ಚರ್ಮ ಪಡೆಯುವ ವಿಧಾನ ಆಮೇಲಿನ ಮಾತು.

ಇವು ಕಂಡರೆ ಬೆಳಗಾಗಲಿ ಅಂತ ಕಾಯದೆ ನರ್ಸ್‌ನನ್ನು ಕರೆಯಿರಿ:

- ಔಷಧ ಕೊಟ್ಟರೂ ಏರುತ್ತಲೇ ಹೋಗುವ ನೋವು. ಬೆರಳನ್ನು ಸ್ವಲ್ಪ ನೇರ ಮಾಡಿದರೂ ಕಿರುಚುವಷ್ಟು ನೋವು.
- ಮುಟ್ಟಿದರೆ ಹಲಗೆಯಂತೆ ಗಟ್ಟಿಯಾದ ಅಂಗೈ ಅಥವಾ ಮುಂಗೈ.
- ಹೊಸದಾಗಿ ಶುರುವಾದ ಜೋಮು, ಬಿಳಿಚಿದ ಅಥವಾ ನೀಲಿ ಬೆರಳು.
- ಜ್ವರ, ದುರ್ವಾಸನೆ, ತೋಳಿನ ಕಡೆ ಹರಡುವ ಕೆಂಪು.

ಮೊದಲ ಎರಡು ಕೈಯೊಳಗೆ ಒತ್ತಡ ಏರಿದ ಗುರುತು. ಬಿಗಿಯಾದ ಬ್ಯಾಂಡೇಜನ್ನು ಚರ್ಮ ಕಾಣುವವರೆಗೆ ಕೂಡಲೇ ಕತ್ತರಿಸಬೇಕು. ಕಮ್ಮಿಯಾಗದಿದ್ದರೆ ಕೆಲವೇ ಗಂಟೆಗಳಲ್ಲಿ ಆಪರೇಷನ್. ನಾಡಿ ಸಿಗುತ್ತಿದೆ ಅಂತ ಸಮಾಧಾನ ಪಡಬೇಡಿ, ನಾಡಿ ಹೋಗುವುದು ಎಲ್ಲಕ್ಕಿಂತ ಕೊನೆಗೆ. ಆ ದಿನಗಳಲ್ಲಿ ಬೀಡಿ, ಸಿಗರೇಟು ಖಂಡಿತ ಬೇಡ. ರಕ್ತನಾಳ ಕುಗ್ಗಿ, ಉಳಿದ ಬೆರಳೂ ಹೋಗಬಹುದು.

## ಹಂತ 10: ಮನೆಗೆ ಬಂದ ಮೇಲೆ

ಹೆಬ್ಬೆರಳು ಅಂಗೈಗೆ ಅಂಟಿಕೊಂಡು ಗಟ್ಟಿಯಾಗುವುದು ಈ ಗಾಯದ ದೊಡ್ಡ ಕಾಟ. ಎಲ್ಲ ಬೆರಳು ಉಳಿದಿದ್ದರೂ ಲೋಟ ಹಿಡಿಯಲು ಆಗುವುದಿಲ್ಲ. ಅದಕ್ಕೇ ಹೆಬ್ಬೆರಳನ್ನು ದೂರ ಇಡುವ ಪಟ್ಟಿಯನ್ನು ತಿಂಗಳುಗಟ್ಟಲೆ ರಾತ್ರಿ ಹಾಕಿಕೊಳ್ಳಬೇಕು. ಬೇಸರ ಅಂತ ಎರಡು ವಾರ ಬಿಟ್ಟವರು ಮತ್ತೆ ಆಪರೇಷನ್‌ಗೆ ಬಂದದ್ದಿದೆ.

ಫಿಸಿಯೋಥೆರಪಿ ಯಾವ ದಿನ ಶುರು ಅಂತ ಸರ್ಜನ್‌ರನ್ನೇ ಕೇಳಿ ಬರೆಸಿಕೊಳ್ಳಿ. ಗಾಯವಾಗದ ಬೆರಳು, ಮೊಣಕೈ, ಭುಜವನ್ನು ಮೊದಲ ದಿನದಿಂದಲೇ ಆಡಿಸಬಹುದು. ಸ್ನಾಯುರಜ್ಜು ಹೊಲಿದಿದ್ದರೆ ಸುಮಾರು 6 ವಾರ ಭಾರ ಎತ್ತಬಾರದು, ಹೇಳಿಕೊಟ್ಟಷ್ಟೇ ಚಲನೆ. ಗಾಯ ಪೂರ್ತಿ ಒಣಗಿದ ಮೇಲೆ ಕಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ. ಮುಟ್ಟಿದರೆ ಶಾಕ್ ಹೊಡೆದಂತೆ ಆಗುವ ತುದಿಗಳಿಗೆ ಮೊದಲು ಹತ್ತಿ ಬಟ್ಟೆ, ಆಮೇಲೆ ರಾಗಿ ತುಂಬಿದ ಬಟ್ಟಲು, ಆಮೇಲೆ ಅಕ್ಕಿ. ಅದರಲ್ಲಿ ಕೈ ಹಾಕಿ ದಿನಕ್ಕೆ ನಾಲ್ಕೈದು ಸಲ ಆಡಿಸಿದರೆ ಸೂಕ್ಷ್ಮತೆ ನಿಧಾನವಾಗಿ ತಗ್ಗುತ್ತದೆ. ಚಪಾತಿ ಹಿಟ್ಟು ನಾದುವುದು ಹಿಡಿತಕ್ಕೆ ಒಳ್ಳೆಯದು.

ಗಾಯವಾದವರು ಮಲಗಿದಾಗ ಬೆಚ್ಚಿಬೀಳುವುದು, ಸದ್ದಿಗೆ ನಡುಗುವುದು, ಕೈಯನ್ನು ಜೇಬಿನಲ್ಲಿ ಅಡಗಿಸುವುದು ಒಂದು ತಿಂಗಳು ದಾಟಿದರೂ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ನರ ದಿನಕ್ಕೆ ಸುಮಾರು 1 ಮಿ.ಮೀ. ಬೆಳೆಯುತ್ತದೆ. ಮಣಿಕಟ್ಟಿನಲ್ಲಿ ಹೊಲಿದ ನರ ಬೆರಳ ತುದಿ ತಲುಪಲು ಆರು ತಿಂಗಳಾದರೂ ಬೇಕು. ಅಷ್ಟು ದಿನ ಆ ಬೆರಳಿಗೆ ಬಿಸಿ ಗೊತ್ತಾಗುವುದಿಲ್ಲ. ಬಿಸಿ ಕಾಫಿಯ ಸ್ಟೀಲ್ ಲೋಟ ಹಿಡಿದು ಗುಳ್ಳೆ ಎದ್ದ ಮೇಲೆ ನೋಡಿಕೊಂಡವರಿದ್ದಾರೆ. ಒಲೆ, ಇಸ್ತ್ರಿಪೆಟ್ಟಿಗೆ, ಬಿಸಿ ನೀರನ್ನು ಇನ್ನೊಂದು ಕೈಯಿಂದ ಮುಟ್ಟಿ ನೋಡಿ, ಆಮೇಲೆ ಈ ಕೈ ಚಾಚಿ.